ಕೋಟ್‌ಗಢದ ಸೇಬು ಮತ್ತು ಬೆನ್ನ ಮೇಲಿನ ಹೊರೆ

ಶಿಮ್ಲಾ ದಾಟಿ ಮೇಲಕ್ಕೆ ಹೋಗುವ ದಾರಿಯಲ್ಲಿ ಯಾರನ್ನೇ ಕೇಳಿ, ಕೋಟ್‌ಗಢದ ಚರಿತ್ರೆಯನ್ನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ. ಅಮೆರಿಕದಿಂದ ಸ್ಟೋಕ್ಸ್ ಸಾಹೇಬರು ಬಂದರು, ಸೇಬಿನ ಸಸಿ ತಂದರು, ಬಡವರ ಊರಿಗೆ ಲಕ್ಷ್ಮಿ ಬಂದಳು. ಬಸ್ಸಿನ ಕಂಡಕ್ಟರ್ ಹೇಳಿದ್ದೂ ಇದನ್ನೇ, ನಾವು ಉಳಿದುಕೊಂಡ ಮನೆಯ ಯಜಮಾನಿ ಹೇಳಿದ್ದೂ ಇದನ್ನೇ. ಇದರಲ್ಲಿ ಸುಳ್ಳೇನಿಲ್ಲ. ಆದರೂ ಕೇಳಿದಾಗಲೆಲ್ಲ ನನಗೆ ಕಥೆ ಅರ್ಧಕ್ಕೇ ನಿಂತ ಹಾಗೆ ಅನ್ನಿಸುತ್ತಿತ್ತು. ನಾನು ಮೂಡಿಗೆರೆ ಕಡೆಯ ಕಾಫಿ ತೋಟದ ಮನೆಯಲ್ಲಿ ಬೆಳೆದವನು. ನಮ್ಮಲ್ಲೂ ಇಂಥದ್ದೇ ಒಂದು ಕಥೆ ಇದೆ. ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಅನ್ನುವ ಐತಿಹ್ಯ. ಅಲ್ಲೂ ಬೆಳೆ ತಂದವರು ಒಬ್ಬ ಸಂತರು, ಇಲ್ಲೂ ಹೆಚ್ಚುಕಡಿಮೆ ಸಂತರಂತೆಯೇ ಬದುಕಲು ಹೊರಟವರು. ಎರಡೂ ಕಡೆ ಹೊರಗಿನಿಂದ ಬಂದ ಗಿಡವೇ ಊರಿನ ಹಣೆಬರಹ ಬದಲಿಸಿತು. ಆದರೆ ಆ ಏಳು ಬೀಜಕ್ಕೂ ಇವತ್ತಿನ ತೋಟಗಳಿಗೂ ನಡುವೆ ಕಾಡು ಕಡಿದವರು, ಗುಂಡಿ ತೋಡಿದವರು, ಘಟ್ಟ ಹತ್ತಿ ಬಂದ ಕೂಲಿಯವರು ಎಷ್ಟು ಜನ! ಬೀಜದ ಕಥೆಯಲ್ಲಿ ಅವರು ಯಾರೂ ಬರುವುದಿಲ್ಲ. ಕೋಟ್‌ಗಢದ ಸಸಿಯ ಕಥೆಯಲ್ಲೂ ಹಾಗೆಯೇ ಯಾರೋ ಬಿಟ್ಟುಹೋಗಿದ್ದಾರೆ ಅನ್ನಿಸಿತು.

ಬಿಟ್ಟುಹೋದದ್ದು ಏನೆಂದು ಈಗ ನನಗೊಂದು ಅಂದಾಜಿದೆ. ಸೇಬಿಗಿಂತ ದೊಡ್ಡದೊಂದು ಕೆಲಸ ಆ ಬೆಟ್ಟದಲ್ಲಿ ನಡೆದಿತ್ತು, ಅದಿಲ್ಲದಿದ್ದರೆ ಸೇಬು ಕೆಲವರ ತೋಟದ ಅಲಂಕಾರವಾಗಿಯೇ ಉಳಿದುಬಿಡುತ್ತಿತ್ತು ಎಂದು ನಾನು ನಂಬುತ್ತೇನೆ. ಅದನ್ನು ಹೇಳಬೇಕಾದರೆ ಮೊದಲು ಆ ಜಾಗ ಹೇಗಿದೆ ಅಂತ ಹೇಳಬೇಕು.

ನದಿಯಿಂದ ಹಿಮದವರೆಗೆ ಒಂದೇ ಇಳಿಜಾರು

ನಾರ್ಕಂಡಾ ಇರುವುದು 2,700 ಮೀಟರ್ ಎತ್ತರದ ಏಣಿನ ಮೇಲೆ. ಶಿಮ್ಲಾ ಕಡೆಯಿಂದ ಬರುವ ಈ ಏಣು ನೀರನ್ನು ಎರಡು ಪಾಲು ಮಾಡುತ್ತದೆ. ಒಂದು ಮಗ್ಗುಲಿಗೆ ಬಿದ್ದ ಮಳೆ ಗಿರಿ ನದಿ ಸೇರಿ ಯಮುನೆಗೆ, ಅಲ್ಲಿಂದ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ಸಟ್ಲೆಜ್‌ಗೆ ಇಳಿದು ಸಿಂಧೂ ಸೇರಿ ಅರಬ್ಬಿ ಸಮುದ್ರಕ್ಕೆ. ನಾರ್ಕಂಡಾದಲ್ಲಿ ದಾರಿ ಕವಲೊಡೆಯುತ್ತದೆ. ಹೆದ್ದಾರಿ ರಾಮ್‌ಪುರದ ಕಡೆ ಇಳಿದರೆ, ಸಣ್ಣ ರಸ್ತೆ ದೇವದಾರು ಕಾಡಿನೊಳಗೆ ಹಾದು ಥಾನೇಧಾರ್, ಕೋಟ್‌ಗಢದ ಕಡೆ ತಿರುಗುತ್ತದೆ. ಕೋಟ್‌ಗಢ ಅಂದರೆ ಒಂದೇ ಪೇಟೆಯಲ್ಲ. ಸಟ್ಲೆಜ್ ಕಣಿವೆಯ ಎಡದಂಡೆಯ ಇಳಿಜಾರಿಗೆ ಅಂಟಿಕೊಂಡ ಹಳ್ಳಿಗಳ ಗೊಂಚಲು: ಮೇಲೆ ಥಾನೇಧಾರ್, ಬಾರೋಬಾಗ್, ಕೆಳಗೆ ಮಿಷನ್ ಶಾಲೆಯ ಕೋಟ್‌ಗಢ, ಇನ್ನೊಂದು ಮಗ್ಗುಲಲ್ಲಿ ಮೈಲನ್. ಥಾನೇಧಾರ್‌ನ ಅಂಗಡಿ ಸಾಲಿನ ಮುಂದೆ ನಿಂತರೆ ತಲೆ ಮೇಲೆ 3,400 ಮೀಟರಿನ ಹಾಟೂ ಶಿಖರ, ಕಾಲ ಕೆಳಗೆ ಸಾವಿರ ಮೀಟರಿಗೂ ಕಡಿಮೆ ಎತ್ತರದಲ್ಲಿ ಬೂದುಬಣ್ಣದ ಸಟ್ಲೆಜ್. ನದಿಯ ಹತ್ತಿರ ಮಾವು, ನಿಂಬೆ ಬೆಳೆಯುತ್ತದೆ. ಮಧ್ಯದಲ್ಲಿ ಗೋಧಿ, ಮೆಕ್ಕೆಜೋಳ, ಆಲೂಗಡ್ಡೆ ಬೆಳೆಯುತ್ತಿದ್ದ ಮೆಟ್ಟಿಲು ಗದ್ದೆಗಳು ಈಗ ಪೂರ್ತಿ ಸೇಬಿನವು. ಅದರ ಮೇಲೆ ದೇವದಾರು, ಇನ್ನೂ ಮೇಲೆ ಖರ್ಸು ಓಕ್. ನಮ್ಮ ಘಟ್ಟದಲ್ಲಿ ಇಷ್ಟು ಬೇರೆಬೇರೆ ಹವೆ ನೋಡಬೇಕಾದರೆ ಮಂಗಳೂರಿನಿಂದ ಮುಳ್ಳಯ್ಯನಗಿರಿವರೆಗೆ ಪ್ರಯಾಣ ಮಾಡಬೇಕು. ಅಲ್ಲಿ ಒಂದೇ ಇಳಿಜಾರನ್ನು ಹತ್ತಿದರೆ ಸಾಕು.

ಸೇಬಿಗೆ ಈ ಮಧ್ಯದ ಪಟ್ಟಿಯೇ ಯಾಕೆ ಬೇಕು ಅಂದರೆ, ಆ ಮರಕ್ಕೆ ಚಳಿಗಾಲದ ನಿದ್ದೆ ಲೆಕ್ಕದ ಪ್ರಕಾರ ಸಿಗಬೇಕು. ಕೋಟ್‌ಗಢದವರು ರಾಯಲ್ ಎಂದು ಕರೆಯುವ ಡೆಲಿಶಿಯಸ್ ತಳಿಗೆ 7 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಸುಮಾರು 1,000ದಿಂದ 1,200 ಗಂಟೆ ಕಳೆಯಬೇಕು. ಆಮೇಲೇ ಏಪ್ರಿಲ್‌ನಲ್ಲಿ ಹೂವು ಒಟ್ಟಿಗೆ ಅರಳುವುದು. ಹೂ ಬಿಟ್ಟ ಆ ಹದಿನೈದು ದಿನ ಆಲಿಕಲ್ಲು ಬೀಳಬಾರದು, ಚಳಿಮಳೆ ಹಿಡಿಯಬಾರದು, ಜೇನುಹುಳ ಹಾರಬೇಕು. ಕಾಫಿಯವರಿಗೆ ಈ ಆತಂಕ ಬಿಡಿಸಿ ಹೇಳಬೇಕಾಗಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬರದೆ ಹೋದ ವರ್ಷ ನಮ್ಮಪ್ಪ ಊಟಕ್ಕೆ ಕೂತು ಅರ್ಧಕ್ಕೇ ಏಳುತ್ತಿದ್ದದ್ದು ನನಗೆ ನೆನಪಿದೆ.

ದಾರಿ ಬಂದದ್ದು, ಜೊತೆಗೆ ಬಂದದ್ದು

1815ಕ್ಕಿಂತ ಮುಂಚೆ ಈ ಬೆಟ್ಟಗಳೆಲ್ಲ ಗೂರ್ಖಾಗಳ ಕೈಲಿದ್ದವು. ಹಾಟೂ ಶಿಖರದ ಮೇಲೆ ಅವರ ಕೋಟೆ ಇತ್ತು. ಯುದ್ಧ ಗೆದ್ದ ಕಂಪನಿ ಸರ್ಕಾರ ಸುತ್ತಲಿನ ಸಂಸ್ಥಾನಗಳನ್ನು ರಾಣಾಗಳಿಗೆ ವಾಪಸ್ ಕೊಟ್ಟು, ಕೋಟ್‌ಗಢವನ್ನು ಮಾತ್ರ ಸೈನಿಕ ಠಾಣೆಗೆಂದು ತನ್ನಲ್ಲೇ ಇಟ್ಟುಕೊಂಡಿತು. ಈ ಸಣ್ಣ ವಿಷಯವೇ ಮುಂದಿನದಕ್ಕೆಲ್ಲ ಬುನಾದಿ. ನೇರ ಬ್ರಿಟಿಷ್ ಆಡಳಿತ ಇದ್ದದ್ದರಿಂದ ಮಿಷನರಿಗಳು ಬಂದರು, 1843ರಲ್ಲಿ ಶಾಲೆ ಬಂತು, 1872ರಲ್ಲಿ ಸೇಂಟ್ ಮೇರಿ ಚರ್ಚು ಎದ್ದಿತು. 1850ರಲ್ಲಿ ಡಾಲ್‌ಹೌಸಿ ಕಾಲದಲ್ಲಿ ಶುರುವಾದ ಹಿಂದೂಸ್ತಾನ್–ಟಿಬೆಟ್ ರಸ್ತೆ ಇದೇ ಬೆಟ್ಟಗಳ ಮೂಲಕ ಹಾದುಹೋಯಿತು.

ರಸ್ತೆ ಬಂದರೆ ಊರು ಉದ್ಧಾರ ಅಂತ ನಾವು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಈ ರಸ್ತೆಯಿಂದ ಜನರ ಬೆನ್ನಿನ ಹೊರೆ ಕಡಿಮೆಯಾಗಿ ಹೇಸರಗತ್ತೆಗಳ ಮೇಲೆ ಸಾಗಾಟ ನಡೆಯುತ್ತದೆ ಎಂಬ ಮಾತೂ ಆಗ ಇತ್ತು. ಆದದ್ದು ಬೇರೆ. ರಸ್ತೆಯ ಪಕ್ಕದಲ್ಲಿದ್ದದ್ದಕ್ಕೇ ಕೋಟ್‌ಗಢದವರ ಮೇಲೆ ಬೇಗಾರ್ ಇನ್ನಷ್ಟು ಬಿತ್ತು. ಬೇಗಾರ್ ಅಂದರೆ ಬಿಟ್ಟಿ ಚಾಕರಿ. ಸಾಹೇಬರು ಬೇಟೆಗೆ ಹೊರಟರೆ, ಅಧಿಕಾರಿ ತಪಾಸಣೆಗೆ ಬಂದರೆ, ಬೇಸಿಗೆ ಕಳೆಯಲು ಯಾರೋ ಕುಟುಂಬ ಸಮೇತ ಬಂದರೆ, ಹಳ್ಳಿಯ ಮನೆಗಳಿಂದ ಆಳು ಹೋಗಬೇಕು. ಡೇರೆ, ಪೆಟ್ಟಿಗೆ, ಕುರ್ಚಿ, ಅಂಚೆ ಚೀಲ ಎಲ್ಲ ಹೊರಬೇಕು. ಕುದುರೆಗೆ ಹುಲ್ಲು, ಬಂಗಲೆಗೆ ಸೌದೆ, ಹಾಲು ಒದಗಿಸಬೇಕು. ಕೂಲಿ ಕೊಟ್ಟರೆ ಕೊಟ್ಟರು, ಕೊಟ್ಟರೂ ಅದು ಹೆಸರಿಗೆ. ಯಾವ ದಿನ ಕರೆ ಬರುತ್ತದೆ ಅಂತ ಗೊತ್ತಿಲ್ಲ. ಬಂದರೆ ಇಲ್ಲ ಅನ್ನುವಂತಿಲ್ಲ.

ಇದನ್ನು ಓದಿ ತಿಳಿದಿದ್ದೆ. ಆದರೆ ಅರ್ಥವಾದದ್ದು ಥಾನೇಧಾರ್‌ನ ಕೆಳಗಿನ ಒಂದು ಗ್ರೇಡಿಂಗ್ ಶೆಡ್ಡಿನಲ್ಲಿ ಕೂತಾಗ. ಆಗಸ್ಟ್ ತಿಂಗಳು, ಬೆಳಗಿನಿಂದ ಜಡಿಮಳೆ. ಅಲ್ಲಿಯವರು ತುಡಾನ್ ಎನ್ನುವ ಕೊಯ್ಲಿನ ಕಾಲ. ತಗಡಿನ ಮಾಡಿನ ಕೆಳಗೆ ಸೇಬಿನ ರಾಶಿ, ಬೆನ್ನಿನ ಮೇಲೆ ಹೊರುವ ಕಿಲ್ಟಾ ಬುಟ್ಟಿಗಳು, ನೇರಳೆ ಬಣ್ಣದ ಟ್ರೇಗಳ ಅಟ್ಟಿ. ಎಂಬತ್ತು ದಾಟಿದ ಯಜಮಾನರು ತಲೆಗೆ ಹಸಿರು ಪಟ್ಟಿಯ ಟೋಪಿ ಇಟ್ಟುಕೊಂಡು, ಒಂದೊಂದೇ ಹಣ್ಣನ್ನು ತೊಟ್ಟಿನ ಹತ್ತಿರ ಹಿಡಿದು ತಿರುಗಿಸಿ ನೋಡಿ ಟ್ರೇಗೆ ಇಳಿಸುತ್ತಿದ್ದರು. ತೊಟ್ಟು ಉದುರಿದ ಹಣ್ಣು ಪ್ರತ್ಯೇಕ. ಬಣ್ಣ ಕಡಿಮೆಯಾದದ್ದು ಪ್ರತ್ಯೇಕ. ತೀರ ಸಣ್ಣದು ಪಿತ್ತು, ಅದು ಬೇರೆ ಪೆಟ್ಟಿಗೆ. ಕೈ ಒಂದು ಗಳಿಗೆಯೂ ನಿಲ್ಲಲಿಲ್ಲ. ನಾನೂ ಪಕ್ಕದಲ್ಲಿ ಕೂತು ಟ್ರೇ ಜೋಡಿಸುತ್ತ, "ಬಾಬೂಜಿ, ನಿಮ್ಮ ಮನೆಯವರು ಮೊದಲ ಸಸಿ ನೆಟ್ಟದ್ದು ಯಾವಾಗ?" ಅಂತ ಕೇಳಿದೆ.

"ಸಾಹೇಬರು ಸಸಿ ಕೊಟ್ಟಾಗ ನಮ್ಮ ಅಜ್ಜ ತೆಗೆದುಕೊಳ್ಳಲಿಲ್ಲ," ಅಂದರು.

ಯಾಕೆ ಅಂದೆ. ಅವರು ಸೇಬಿನ ವಿಷಯ ಬಿಟ್ಟು ಗೋಧಿಯ ವಿಷಯ ಹೇಳಿದರು. ಒಂದು ವರ್ಷ ಗೋಧಿ ಕುಯ್ಯುವ ದಿನ ಬೆಳಿಗ್ಗೆ ಅಜ್ಜನಿಗೆ ಕರೆ ಬಂತಂತೆ. ಯಾವನೋ ಸಾಹೇಬನ ಸಾಮಾನು ರಾಮ್‌ಪುರದ ಕಡೆ ಹೊರಬೇಕಾಗಿತ್ತು. ಹೊತ್ತು ಹೋದರು. ವಾಪಸ್ ಬರುವ ಹೊತ್ತಿಗೆ ಮಳೆ ಹೊಡೆದು ತೆನೆಯಲ್ಲೇ ಕಾಳು ಮೊಳಕೆ ಬಂದಿತ್ತು. ಆ ವರ್ಷ ಮನೆಯಲ್ಲಿ ರೊಟ್ಟಿಗೆ ಬೇರೆಯವರ ಹತ್ತಿರ ಕಾಳು ಕೇಳಬೇಕಾಯಿತು. ಇಷ್ಟು ಹೇಳಿ ಕೈಲಿದ್ದ ಹಣ್ಣನ್ನು ಟ್ರೇಗೆ ಇಟ್ಟು, "ಆರು ತಿಂಗಳ ಗೋಧಿಯನ್ನೇ ಕಾಯಲಾಗದವನು ಏಳೆಂಟು ವರ್ಷದ ಮರವನ್ನು ಹೇಗೆ ಕಾಯುತ್ತಾನೆ, ನೀವೇ ಹೇಳಿ," ಅಂದರು.

ನನಗೆ ಆ ಮಾತಿನಿಂದ ಎಷ್ಟೋ ಬಿಡಿಸಿದ ಹಾಗಾಯಿತು. ತೋಟ ಮಾಡುವುದಕ್ಕೆ ಜಮೀನು ಬೇಕು, ನೀರು ಬೇಕು, ಸಸಿ ಬೇಕು ಅಂತ ಪಟ್ಟಿ ಮಾಡುತ್ತೇವೆ. ನಾಳೆಯ ದಿನ ತನ್ನದು ಅನ್ನುವ ಭರವಸೆಯೂ ಬೇಕು ಅನ್ನುವುದನ್ನು ಬರೆಯುವುದೇ ಇಲ್ಲ. ಹಳೆಯ ಕಾಲದ ಬೀಜದ ಬೇರಿನ ಮೇಲೆ ಕಸಿ ಕಟ್ಟಿದ ಸೇಬಿನ ಮರ ಸರಿಯಾಗಿ ಫಲ ಕೊಡಲು ಅಷ್ಟು ವರ್ಷವೇ ಬೇಕು. ಅಷ್ಟು ದಿನವೂ ಚಳಿಗಾಲದಲ್ಲಿ ಸವರಬೇಕು, ಬುಡದ ಪಾತಿ ಅಗೆದು ಗೊಬ್ಬರ ತುಂಬಬೇಕು, ಬೇಸಿಗೆಯಲ್ಲಿ ನೀರು ಹೊತ್ತು ಹಾಕಬೇಕು. ಇವೆಲ್ಲ ತಪ್ಪದೆ ಬರುವ ದಿನಗಳು. ಬೇಗಾರ್ ಕಿತ್ತುಕೊಳ್ಳುತ್ತಿದ್ದದ್ದು ಅಂಥ ದಿನಗಳನ್ನೇ.

1916 ಮತ್ತು 1921

ಸ್ಯಾಮ್ಯುಯೆಲ್ ಇವಾನ್ಸ್ ಸ್ಟೋಕ್ಸ್ ಅವರ ಬಗ್ಗೆ ಗೊತ್ತಿದ್ದವರಿಗೆ ಮತ್ತೆ ಪೂರ್ತಿ ಹೇಳುವುದಿಲ್ಲ. ಫಿಲಡೆಲ್ಫಿಯಾದ ಅನುಕೂಲಸ್ಥ ಮನೆಯ ಹುಡುಗ 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಸಬಾಥುಗೆ ಬಂದವರು. 1905ರ ಕಾಂಗ್ರಾ ಭೂಕಂಪದಲ್ಲಿ ಸಂತ್ರಸ್ತರ ನಡುವೆ ಕೆಲಸ ಮಾಡಿದರು. ಕೆಲವು ವರ್ಷ ಕಾಷಾಯದಂಥ ನಿಲುವಂಗಿ ತೊಟ್ಟು ಬರಿಗಾಲಲ್ಲಿ ಅಲೆದರು. 1912ರಲ್ಲಿ ಕೋಟ್‌ಗಢದ ಕ್ರೈಸ್ತ ಕುಟುಂಬದ ಆಗ್ನೆಸ್ ಅವರನ್ನು ಮದುವೆಯಾಗಿ, ಬಾರೋಬಾಗ್‌ನಲ್ಲಿ ಹಳೆಯದೊಂದು ಚಹಾ ತೋಟ ಕೊಂಡು ಬೇಸಾಯಕ್ಕೆ ಇಳಿದರು. ಸೇಬು ಆ ಕಡೆಗೆ ಹೊಸದಾಗಿರಲಿಲ್ಲ. ಕುಲ್ಲುವಿನ ಬಂದ್ರೋಲ್‌ನಲ್ಲಿ ಕ್ಯಾಪ್ಟನ್ ಲೀ 1870ರಲ್ಲೇ ಇಂಗ್ಲಿಷ್ ತಳಿಗಳನ್ನು ನೆಟ್ಟಿದ್ದರು. ಆದರೆ ಅವು ಹುಳಿ, ನಮ್ಮ ಜನಕ್ಕೆ ಒಗ್ಗುವ ರುಚಿಯಲ್ಲ. ಸ್ಟೋಕ್ಸ್ 1916ರಲ್ಲಿ ಅಮೆರಿಕದ ಸ್ಟಾರ್ಕ್ ಬ್ರದರ್ಸ್ ನರ್ಸರಿಯಿಂದ ತರಿಸಿದ್ದು ರೆಡ್ ಡೆಲಿಶಿಯಸ್, ಸಿಹಿ ಹಣ್ಣು. 1921ರಲ್ಲಿ ಅವರ ತಾಯಿ ಕ್ರಿಸ್‌ಮಸ್ ಉಡುಗೊರೆಯಾಗಿ ಗೋಲ್ಡನ್ ಡೆಲಿಶಿಯಸ್ ಸಸಿ ಕಳಿಸಿದರು. ರೆಡ್ ಡೆಲಿಶಿಯಸ್ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಪಕ್ಕದಲ್ಲಿ ಬೇರೆ ತಳಿ ಇರಲೇಬೇಕು. ಗೋಲ್ಡನ್ ಆ ಕೆಲಸಕ್ಕೆ ಹೇಳಿಮಾಡಿಸಿದ್ದು. ಇವತ್ತೂ ಅಲ್ಲಿನ ತೋಟಗಳಲ್ಲಿ ಕೆಂಪಿನ ನಡುವೆ ಹಳದಿ ಹಣ್ಣಿನ ಮರ ಕಾಣುವುದು ಈ ಕಾರಣಕ್ಕೆ.

ಊರಿನ ಕಥೆ 1916 ಅನ್ನುತ್ತದೆ, ಆಮೇಲೆ ನೇರ 1926ಕ್ಕೆ, ಮೊದಲ ಬೆಳೆ ಮಾರಿದ ವರ್ಷಕ್ಕೆ ಹಾರುತ್ತದೆ. ನಡುವಿನ 1921ನ್ನು ಯಾಕೆ ಮರೆಯುತ್ತೇವೋ ತಿಳಿಯದು. ಜಲಿಯನ್‌ವಾಲಾ ಬಾಗ್ ನಂತರ ಸ್ಟೋಕ್ಸ್ ಕಾಂಗ್ರೆಸ್ಸಿಗೆ ಬಂದಿದ್ದರು. 1920ರ ನಾಗಪುರ ಅಧಿವೇಶನಕ್ಕೆ ಕೋಟ್‌ಗಢದ ಪ್ರತಿನಿಧಿಯಾಗಿ ಹೋಗಿದ್ದರು. ಆದರೆ ಅವರ ನಿಜವಾದ ಹೋರಾಟ ನಡೆದದ್ದು ಮನೆಯ ಬಾಗಿಲಲ್ಲೇ, ಬೇಗಾರ್ ವಿರುದ್ಧ. ಅರ್ಜಿ ಕೊಟ್ಟರು, ಪತ್ರಿಕೆಗೆ ಬರೆದರು, ಹಳ್ಳಿಹಳ್ಳಿಯಲ್ಲಿ ಸಭೆ ಕೂಡಿಸಿದರು. 1921ರಲ್ಲಿ ಕೋಟ್‌ಗಢದ ಜನ ಒಟ್ಟಾಗಿ ಇನ್ನು ಹೊರೆ ಹೊರುವುದಿಲ್ಲ ಎಂದು ನಿಂತರು, ಸರ್ಕಾರ ಮಣಿಯಿತು. ಅದೇ ವರ್ಷದ ಜನವರಿಯಲ್ಲಿ ಕುಮಾವೂಂನ ಬಾಗೇಶ್ವರದಲ್ಲಿ ಉತ್ತರಾಯಣಿ ಜಾತ್ರೆಗೆ ಸೇರಿದ ಜನ ಬೇಗಾರ್ ದಾಖಲೆ ಪುಸ್ತಕಗಳನ್ನು ಸರಯೂ ನದಿಗೆ ಎಸೆದಿದ್ದರು. ಇಡೀ ಹಿಮಾಲಯದ ತಪ್ಪಲೇ ಆ ವರ್ಷ ಬೆನ್ನು ನೆಟ್ಟಗೆ ಮಾಡಿಕೊಂಡಿತು ಎಂದರೆ ಹೆಚ್ಚಲ್ಲ. ವರ್ಷದ ಕೊನೆಗೆ ರಾಜದ್ರೋಹದ ಆರೋಪದ ಮೇಲೆ ಸ್ಟೋಕ್ಸ್ ಅವರನ್ನು ಬಂಧಿಸಿ ಆರು ತಿಂಗಳು ಲಾಹೋರಿನ ಜೈಲಿನಲ್ಲಿಟ್ಟರು. ಸ್ಟೋಕ್ಸ್ ಬಗ್ಗೆ ಗಾಂಧೀಜಿ ತಮ್ಮ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಬರೆದರು.

ಹಾಗಾಗಿ ಸೇಬು ಬಡತನ ನೀಗಿಸಿತು ಅನ್ನುವಾಗ ಅದರ ಜೊತೆ ಈ ಮಾತನ್ನೂ ಸೇರಿಸಬೇಕು. ರೈತನ ದಿನಗಳು ರೈತನಿಗೆ ವಾಪಸ್ ಸಿಕ್ಕಿದವು. ಬಾಬೂಜಿಯವರ ಅಜ್ಜ ಸಸಿ ತೆಗೆದುಕೊಂಡದ್ದು ಆಮೇಲೆ. ಅವರ ಹಿತ್ತಲಿನ ಮೇಲಿನ ಮೆಟ್ಟಿಲಲ್ಲಿ ಆ ಕಾಲದ್ದು ಎನ್ನುವ ಒಂದು ಮರ ಇನ್ನೂ ಇದೆ. ಕಾಂಡದ ಒಳಗೆ ಟೊಳ್ಳು ಬಿದ್ದು ಒಂದು ಮಗ್ಗುಲು ಒಣಗಿದೆ, ಇನ್ನೊಂದು ಮಗ್ಗುಲಿನ ಕೊಂಬೆಗೆ ಊರುಗೋಲು ಕೊಟ್ಟಿದ್ದರು. ಹಣ್ಣು ಸಣ್ಣದಾದರೂ ಕಚ್ಚಿದರೆ ಹಲ್ಲಿಗೆ ಸಿಕ್ಕುವ ಗಟ್ಟಿತನ, ಮೂಗಿಗೆ ಅಡರುವ ಪರಿಮಳ. ನಮ್ಮ ಬೆಂಗಳೂರಿನ ಸಿಂಗೇನ ಅಗ್ರಹಾರದ ಮಾರುಕಟ್ಟೆಗೆ ಬರುವಷ್ಟರಲ್ಲಿ ಸೇಬು ಆ ಪರಿಮಳವನ್ನು ದಾರಿಯಲ್ಲೇ ಕಳೆದುಕೊಂಡಿರುತ್ತದೆ.

ಒಂದೇ ಬೆಟ್ಟದ ದೇವರುಗಳು

ಕೋಟ್‌ಗಢದಲ್ಲಿ ದೇವರು ಅಂದರೆ ಮೊದಲು ದೇವತಾ. ಮೈಲನ್‌ನ ಚತುರ್ಮುಖ ದೇವತಾ ಆ ಸೀಮೆಗೆಲ್ಲ ಒಡೆಯ. ಪಲ್ಲಕ್ಕಿಯಲ್ಲಿ ಕೂತು ಹಳ್ಳಿಗಳಿಗೆ ಹೋಗುತ್ತಾನೆ, ಗೂರ್ ಎನ್ನುವ ಪಾತ್ರಿಯ ಮೈಮೇಲೆ ಬಂದು ಮಾತಾಡುತ್ತಾನೆ, ಜಗಳ ತೀರಿಸುತ್ತಾನೆ, ಮಳೆ ಕೇಳಿದರೆ ಉತ್ತರ ಕೊಡುತ್ತಾನೆ. ಭೂತದ ಕೋಲ ನೋಡಿ ಬೆಳೆದ ನನಗೆ ಇದು ಪರಕೀಯ ಅನ್ನಿಸಲಿಲ್ಲ. ತೋಟ ಮತ್ತು ಕಾಡಿನ ನಡುವಿನ ತಾನಿ ಜುಬ್ಬರ್ ಕೆರೆಯ ದಂಡೆಯಲ್ಲಿ ನಾಗದೇವತೆಯ ಗುಡಿ ಇದೆ, ಬೇಸಿಗೆಯಲ್ಲಿ ಜಾತ್ರೆ ಸೇರುತ್ತದೆ. ಹಾಟೂ ಶಿಖರದ ತುದಿಯಲ್ಲಿ ಮರದ ಕೆತ್ತನೆಯ ಹಾಟೂ ಮಾತಾ ದೇವಸ್ಥಾನ. ಅವಳನ್ನು ರಾವಣನ ಹೆಂಡತಿ ಮಂಡೋದರಿಯೊಂದಿಗೆ ಸೇರಿಸಿ ಹೇಳುವ ಕಥೆ ಅಲ್ಲಿ ಚಾಲ್ತಿಯಲ್ಲಿದೆ. ಹತ್ತಿರದಲ್ಲೇ ಎರಡು ಬಂಡೆಗಳಿಗೆ ಭೀಮನ ಒಲೆ ಅನ್ನುತ್ತಾರೆ. ಭೀಮನ ಒಲೆ, ಭೀಮನ ಹೆಜ್ಜೆ ಇಲ್ಲದ ಬೆಟ್ಟ ನಮ್ಮ ದೇಶದಲ್ಲಿ ಎಲ್ಲಿದೆ?

ಅದೇ ಬೆಟ್ಟದಲ್ಲಿ ದೇವದಾರುಗಳ ನಡುವೆ ಕಲ್ಲು ಮರದ ಸೇಂಟ್ ಮೇರಿ ಚರ್ಚು. ಟಿಬೆಟ್‌ಗೆ ಹೋಗಬಯಸಿದ ಮಿಷನರಿಗಳಿಗೆಲ್ಲ ಕೋಟ್‌ಗಢ ಒಂದು ತಂಗುದಾಣ. ಸಾಧು ಸುಂದರ್ ಸಿಂಗ್ ಅವರ ಹೆಸರು ಕೇಳಿರಬಹುದು. ಸಿಖ್ ಮನೆಯಲ್ಲಿ ಹುಟ್ಟಿ, 1905ರಲ್ಲಿ ಶಿಮ್ಲಾದಲ್ಲಿ ದೀಕ್ಷಾಸ್ನಾನ ಪಡೆದು, ಕಾವಿ ಉಟ್ಟುಕೊಂಡೇ ಯೇಸುವಿನ ಮಾತು ಹೇಳುತ್ತ ಅಲೆದವರು. ಸ್ಟೋಕ್ಸ್ ಜೊತೆ ಓಡಾಡಿದವರು, ಕೋಟ್‌ಗಢವನ್ನು ನೆಲೆ ಮಾಡಿಕೊಂಡು ಟಿಬೆಟ್ ದಾರಿ ಹಿಡಿಯುತ್ತಿದ್ದವರು. 1929ರಲ್ಲಿ ಹಾಗೆ ಹೊರಟವರು ವಾಪಸ್ ಬರಲೇ ಇಲ್ಲ.

ಸ್ಟೋಕ್ಸ್ 1932ರಲ್ಲಿ ಹಿಂದೂ ಧರ್ಮಕ್ಕೆ ಬಂದು ಸತ್ಯಾನಂದ ಆದರು, ಆಗ್ನೆಸ್ ಪ್ರಿಯಾದೇವಿ ಆದರು. ಇದನ್ನು ಕೆಲವರು ಗೆಲುವಿನಂತೆ ಹೇಳುತ್ತಾರೆ, ಕೆಲವರು ಮುಜುಗರದಿಂದ ದಾಟಿಸಿಬಿಡುತ್ತಾರೆ. ನನಗೆ ಎರಡೂ ಸರಿ ಕಾಣುವುದಿಲ್ಲ. ಅವರು ಗೀತೆ, ಉಪನಿಷತ್ತುಗಳನ್ನು ವರ್ಷಗಟ್ಟಲೆ ಓದಿದವರು. ಮಕ್ಕಳು ಊರಿನ ಜನರಿಂದ ಬೇರೆಯಾಗಿ ಉಳಿಯಬಾರದು ಎಂಬ ತಂದೆಯ ಯೋಚನೆಯೂ ಅದರಲ್ಲಿತ್ತು. ಎಂಟು ವರ್ಷದ ಮಗ ತಾರಾ ತೀರಿಕೊಂಡಾಗ ಅವನ ಹೆಸರಿನಲ್ಲಿ ಊರಿನ ಮಕ್ಕಳಿಗೆ ಶಾಲೆ ತೆರೆದವರು ಅವರು. ಮನೆ ಹಾರ್ಮನಿ ಹಾಲ್ ಪಕ್ಕದಲ್ಲಿ 1937ರಲ್ಲಿ ಕಟ್ಟಿಸಿದ ಪರಮಜ್ಯೋತಿ ಮಂದಿರವನ್ನು ನೋಡಿದರೆ ಈ ಮನುಷ್ಯ ಯಾವ ದಾರಿಯಲ್ಲಿ ಬಂದರು ಅನ್ನುವುದು ತಿಳಿಯುತ್ತದೆ. ಕಲ್ಲು, ಮರ, ಬೆಟ್ಟದವರ ಕಟ್ಟೋಣದ ರೀತಿ. ಮರದ ಮೇಲೆ ಗೀತೆ, ಉಪನಿಷತ್ತುಗಳ ಸಾಲುಗಳನ್ನು ಕೆತ್ತಿಸಿದ್ದಾರೆ. ಒಳಗೆ ಓದುತ್ತ ನಿಂತರೆ ಹೊತ್ತು ಹೋಗುವುದು ತಿಳಿಯುವುದಿಲ್ಲ. ನನ್ನ ಜೊತೆ ಬಂದಿದ್ದ ಬಾಬೂಜಿಯವರ ಮೊಮ್ಮಗಳು ಕಾಲೇಜು ಓದುವ ಹುಡುಗಿ, ಸಂಸ್ಕೃತ ಚೆನ್ನಾಗಿ ಬರುತ್ತಿತ್ತು, ಅಕ್ಷರ ಅಕ್ಷರ ಬೆರಳಿಟ್ಟು ಓದಿ ಹೇಳಿದಳು. ಈ ಊರಿನವರು ಹಬ್ಬಕ್ಕೆ ಮೈಲನ್‌ಗೆ ಹೋಗುತ್ತಾರೆ, ಮಕ್ಕಳನ್ನು ಮಿಷನ್ ಶಾಲೆಗೆ ಕಳಿಸಿದ್ದಾರೆ, ಈ ಮಂದಿರಕ್ಕೂ ಕೈಮುಗಿಯುತ್ತಾರೆ. ಇದಕ್ಕೆ ಯಾರೂ ಹೆಸರು ಕೊಟ್ಟುಕೊಂಡಿಲ್ಲ, ಕೊಡಬೇಕಾಗಿಯೂ ಇಲ್ಲ. ಸತ್ಯಾನಂದರು 1946ರ ಮೇ ತಿಂಗಳಲ್ಲಿ ತೀರಿಕೊಂಡರು. ಸ್ವಾತಂತ್ರ್ಯ ನೋಡಲಿಲ್ಲ.

ಈಗ ಹೊರುವವರು ಯಾರು

ಆಮೇಲಿನ ಕಥೆ ನೇರವಾಗಿ ಏರುತ್ತಲೇ ಹೋದದ್ದೂ ಅಲ್ಲ. 1982–83ರಲ್ಲಿ ಸ್ಕ್ಯಾಬ್ ರೋಗ ಬಂದು ಹಿಮಾಚಲದ ಬೆಳೆ ಹಾಳಾಯಿತು, ರೋಗದ ಹಣ್ಣನ್ನು ಸರ್ಕಾರವೇ ಕೊಂಡು ನಾಶ ಮಾಡಬೇಕಾಯಿತು. ಮರದ ಪೆಟ್ಟಿಗೆಗೆ ಕಾಡಿನ ಮರಗಳು ಲೆಕ್ಕವಿಲ್ಲದೆ ಉರುಳಿ, ಕೊನೆಗೆ ರಟ್ಟಿನ ಪೆಟ್ಟಿಗೆ ಬಂತು. 1990ರ ಜುಲೈನಲ್ಲಿ ಬೆಂಬಲ ಬೆಲೆ ಕೇಳಿ ಬೀದಿಗಿಳಿದ ಬೆಳೆಗಾರರ ಮೇಲೆ ಕೋಟ್‌ಗಢದಲ್ಲೇ ಪೊಲೀಸ್ ಗುಂಡು ಹಾರಿತು, ಮೂವರು ಸತ್ತರು. ಈಗ ಹಿಮ ಬೀಳುವುದೇ ಕಡಿಮೆಯಾಗಿ, ಆ ಸಾವಿರ ಗಂಟೆಯ ಚಳಿ ಕೂಡಿಬರುವುದು ಕಷ್ಟವಾಗುತ್ತಿದೆ. ಸೇಬು ಕಿನ್ನೌರ್, ಸ್ಪಿತಿಯ ಎತ್ತರಕ್ಕೆ ಹತ್ತುತ್ತಿದೆ. ಕೆಳಗಿನ ತೋಟಗಳವರು ಚೆರ್ರಿ, ಪ್ಲಮ್ ಹಾಕುತ್ತಿದ್ದಾರೆ, ಇಲ್ಲವೇ ಹಳೆಯ ಮರ ಕಿತ್ತು, ಕಡಿಮೆ ಚಳಿಗೂ ಒಗ್ಗುವ ಗಾಲಾದಂಥ ತಳಿಗಳನ್ನು ಗಿಡ್ಡ ಬೇರಿನ ಮೇಲೆ ತಂತಿ ಕಟ್ಟಿ ಒತ್ತೊತ್ತಾಗಿ ನೆಡುತ್ತಿದ್ದಾರೆ. ಮೂರನೇ ವರ್ಷಕ್ಕೇ ಹಣ್ಣು ಕೊಡುತ್ತವೆ. ಕಾಯುವ ವರ್ಷ ಕಡಿಮೆಯಾಯಿತು, ಹಾಕಬೇಕಾದ ಹಣ ಹೆಚ್ಚಾಯಿತು.

ಆದರೆ ನಾನು ಯೋಚಿಸುತ್ತ ಉಳಿದದ್ದು ಇನ್ನೊಂದನ್ನು. ಆ ಶೆಡ್ಡಿನಿಂದ ರಸ್ತೆಗೆ ಕಡಿದಾದ ಕಾಲುದಾರಿ, ಮಳೆಗೆ ಜಾರುತ್ತಿತ್ತು. ತುಂಬಿದ ಪೆಟ್ಟಿಗೆಗಳನ್ನು ಹೊತ್ತು ಹತ್ತುತ್ತಿದ್ದವರೆಲ್ಲ ನೇಪಾಳದವರು. ಹಣೆಗೆ ನಾಮ್ಲೋ ಪಟ್ಟಿ ಹಾಕಿ, ಭಾರವನ್ನು ಬೆನ್ನಿಗೆ ಒರಗಿಸಿ, ಮುಂದಕ್ಕೆ ಬಾಗಿ, ಒಂದೊಂದು ಹೆಜ್ಜೆಗೂ ಹೆಬ್ಬೆರಳನ್ನು ಮಣ್ಣಿಗೆ ಒತ್ತಿ ಹತ್ತುತ್ತಾರೆ. ಮರ ಸವರುವುದು, ಪಾತಿ ಅಗೆಯುವುದು, ಔಷಧ ಹೊಡೆಯುವುದು, ಕೊಯ್ಯುವುದು, ಹೊರುವುದು, ಹಿಮಾಚಲದ ಸೇಬಿನ ಬಹುಪಾಲು ಕೆಲಸ ಇವರ ಮತ್ತು ಬಿಹಾರದ ಕಡೆಯವರ ಕೈಲಿದೆ. ಇದು ಬೇಗಾರ್ ಅಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಪೆಟ್ಟಿಗೆಗೆ ಇಷ್ಟು ಅಂತ ದರ ಇದೆ, ಸರಿಬರದಿದ್ದರೆ ಮುಂದಿನ ತೋಟಕ್ಕೆ ಹೋಗುತ್ತಾರೆ. 2024ರಿಂದ ಯೂನಿವರ್ಸಲ್ ಕಾರ್ಟನ್, ಅಂದರೆ ಒಂದೇ ಅಳತೆಯ ರಟ್ಟಿನ ಪೆಟ್ಟಿಗೆ, ಕಡ್ಡಾಯವಾದ ಮೇಲೆ ಪೆಟ್ಟಿಗೆಯ ತೂಕ ಇಪ್ಪತ್ತು ಕೆ.ಜಿ. ಆಸುಪಾಸಿಗೆ ಇಳಿಯಿತು. ಅದಕ್ಕೆ ಮುಂಚೆ ಅದೇ ದರಕ್ಕೆ ಮೂವತ್ತರವರೆಗೂ ತುರುಕುತ್ತಿದ್ದರು. ಬೆಳೆಗಾರರು ಅದನ್ನು ಕೇಳಿದ್ದು ಮಂಡಿಯಲ್ಲಿ ತಮಗಾಗುವ ನಷ್ಟ ತಪ್ಪಿಸಲು. ಹೊರುವವರ ಬೆನ್ನಿಗೂ ಅದರಿಂದ ಉಪಕಾರವಾಯಿತು.

ಹೊರುವವರಿಗೆ ಆ ನೆಲದಲ್ಲಿ ಸ್ವಂತ ಮರ ನೆಡುವ ದಾರಿ ಮಾತ್ರ ಇಲ್ಲ. 1972ರ ಭೂಸುಧಾರಣಾ ಕಾಯ್ದೆಯ 118ನೇ ಕಲಮಿನ ಪ್ರಕಾರ ಹಿಮಾಚಲದ ಕೃಷಿಕನಲ್ಲದವನು ಸರ್ಕಾರದ ಅನುಮತಿಯಿಲ್ಲದೆ ಅಲ್ಲಿ ಜಮೀನು ಕೊಳ್ಳುವಂತಿಲ್ಲ. ಆ ಕಲಮು ಇರಬೇಕು ಅನ್ನುವವನು ನಾನು. ಅದಿಲ್ಲದಿದ್ದರೆ ದೆಹಲಿ, ಚಂಡೀಗಢದ ದುಡ್ಡು ಆ ಇಳಿಜಾರನ್ನು ಎಂದೋ ರೆಸಾರ್ಟು ಮಾಡಿಬಿಡುತ್ತಿತ್ತು. ನಮ್ಮ ಮಲೆನಾಡಿನಲ್ಲಿ ಅದು ಆಗುತ್ತಿರುವುದನ್ನು ದಿನಾ ನೋಡುತ್ತಿದ್ದೇವೆ. ಆದರೆ ಫಿಲಡೆಲ್ಫಿಯಾದಿಂದ ಬಂದ ಹೊರಗಿನವರೊಬ್ಬರು ನೆಲ ಕೊಂಡದ್ದರಿಂದಲೇ ಸೇಬಿನ ಬದುಕು ಶುರುವಾದ ಊರು ಇದು ಅನ್ನುವುದನ್ನೂ ಮರೆಯಲಾಗುವುದಿಲ್ಲ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸುವುದು ಕಷ್ಟ. ಬಾಬೂಜಿಯವರನ್ನು ಕೇಳಿದೆ. "ಕಾನೂನು ನಮ್ಮನ್ನು ಉಳಿಸಿದೆ. ಇವರಿಗೆ ಒಳ್ಳೆ ಮನೆ, ಇವರ ಮಕ್ಕಳಿಗೆ ಶಾಲೆ ನಾವು ಕೊಡಬಹುದಾಗಿತ್ತು, ಅದಕ್ಕೆ ಯಾವ ಕಾನೂನೂ ಅಡ್ಡ ಬಂದಿಲ್ಲ," ಅಂದರು. ಅಜ್ಜನ ಗೋಧಿಯ ಕಥೆ ಇಟ್ಟುಕೊಂಡವರು ಹಾಗೆ ಹೇಳಿದ್ದು ನನಗೆ ದೊಡ್ಡದಾಗಿ ಕಂಡಿತು.

ಮಧ್ಯಾಹ್ನ ಮಳೆ ಹೊಳವಾದಾಗ ಹೊರೆಯವರು ಚಹಾಕ್ಕೆ ಕೂತರು. ಜುಮ್ಲಾ ಕಡೆಯ ಒಬ್ಬರು ನನ್ನ ಪಕ್ಕದಲ್ಲಿ ಕೂತು ಬೆಂಗಳೂರಿನಲ್ಲಿ ಸೇಬು ಕೆ.ಜಿ.ಗೆ ಎಷ್ಟು ಅಂತ ವಿಚಾರಿಸಿದರು. ಹೇಳಿದೆ. ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ನಮ್ಮೂರಲ್ಲೂ ಸೇಬಾಗುತ್ತದೆ ಭಾಯಿಸಾಬ್," ಅಂದರು. ಜುಮ್ಲಾ ನೇಪಾಳದ ಸೇಬಿನ ಸೀಮೆ ಅನ್ನುವುದು ನನಗೂ ಗೊತ್ತಿತ್ತು. ಇವರು ಚಳಿಗಾಲದಲ್ಲಿ ಇಲ್ಲಿಯ ತೋಟದಲ್ಲಿ ಸವರಿದ ಒಳ್ಳೆಯ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ದು, ಊರಿನಲ್ಲಿ ಕಸಿ ಕಟ್ಟಿದ್ದಾರೆ. ಕಸಿ ಕಟ್ಟುವುದನ್ನು ಕಲಿಸಿದ್ದು ಬಾಬೂಜಿಯವರ ಮಗ. ಗಿಡಗಳನ್ನು ಹೆಂಡತಿ ನೋಡಿಕೊಳ್ಳುತ್ತಾರೆ. ಮೇಕೆ ಬಾಯಿ ಹಾಕದ ಹಾಗೆ ಮುಳ್ಳಿನ ಬೇಲಿ ಕಟ್ಟಿದ್ದಾರಂತೆ. ಫಲ ಬರಲು ಇನ್ನೆಷ್ಟು ವರ್ಷ ಅಂದೆ. "ನಾಲ್ಕು, ಐದು. ಅಲ್ಲಿವರೆಗೆ ಇಲ್ಲಿ ಹೊರುತ್ತೇನೆ. ಗಿಡಕ್ಕೆ ಗೊಬ್ಬರ, ಮನೆಗೆ ಅಕ್ಕಿ, ಎರಡೂ ಈ ಬೆನ್ನಿನಿಂದಲೇ ಹೋಗಬೇಕಲ್ಲ," ಅಂದರು. ಆಮೇಲೆ ಲೋಟ ಕೆಳಗಿಟ್ಟು, ರಸ್ತೆಯಲ್ಲಿ ಲಾರಿ ಕಾಯುತ್ತಿದೆ ಎಂದು ಎದ್ದರು.